ಹೂವಿನ ನೀಲಿ: ಒಂದು ಅನ್ವೇಷಣೆಯ ಇತಿಹಾಸ

ಕನ್ನಡದಲ್ಲಿ ‘ನೀಲಿ’ ಎಂಬ ಒಂದೇ ಶಬ್ದವು ಬಣ್ಣಕ್ಕೂ ಹೆಸರು, ಗಿಡಕ್ಕೂ ಹೆಸರು, ಆ ಗಿಡದಿಂದ ತೆಗೆದು ಮಾರುವ ಸರಕಿಗೂ ಹೆಸರು. ಆದರೆ ನೀಲಿ ಗಿಡದಲ್ಲಿ ನೀಲಿಯು ಎಲ್ಲಿಯೂ ಕಣ್ಣಿಗೆ ಕಾಣುವುದಿಲ್ಲ. ಅದರ ಎಲೆ ಹಸುರು, ಹೂವು ನಸುಗೆಂಪು. ಎಲೆಯನ್ನು ತೊಟ್ಟಿಯ ನೀರಿನಲ್ಲಿ ಕೊಳೆಯಿಸಿ, ಆ ನೀರನ್ನು ಬಡಿದು ಗಾಳಿಗೊಡ್ಡಿದಾಗ ಮಾತ್ರ ಬಣ್ಣವು ಗಸಿಯಾಗಿ ತಳಕ್ಕಿಳಿಯುತ್ತದೆ. ಹೀಗೆ ಬಂದ ನೀಲಿಯು ನೀರಿನಲ್ಲಿ ಕರಗದು, ಶತಮಾನಗಳವರೆಗೆ ಬಾಳುತ್ತದೆ. ಇದಕ್ಕೆ ವಿರುದ್ಧವಾಗಿ, ಕಣ್ಣಿಗೆ ಅಚ್ಚ ನೀಲಿಯಾಗಿ ತೋರುವ ಹೂವುಗಳನ್ನು ಹಿಂಡಿದರೆ ದೊರೆಯುವುದು ಕೆಲವು ಗಂಟೆಗಳಲ್ಲಿಯೋ ಕೆಲವು ದಿನಗಳಲ್ಲಿಯೋ ಬಣ್ಣಗೆಡುವ ರಸವಷ್ಟೆ. ಹಸುರೆಲೆಯು ನಿತ್ಯವಾದ ನೀಲಿಯನ್ನು ಕೊಡುವುದೂ ನೀಲಿಯ ಹೂವು ಕೊಡದಿರುವುದೂ ಏತಕ್ಕೆ? ಈ ಪ್ರಶ್ನೆಯು ಸುಮಾರು ಎರಡು ಸಾವಿರ ವರ್ಷಗಳಿಂದ ಚಿತ್ರಕಾರರನ್ನೂ ಔಷಧಿ ತಯಾರಿಸುವವರನ್ನೂ, ಕಡೆಗೆ ರಸಾಯನಶಾಸ್ತ್ರಜ್ಞರನ್ನೂ ಕಾಡಿದೆ.

ಈ ಅನ್ವೇಷಣೆಯನ್ನು ಸಾಮಾನ್ಯವಾಗಿ ಸೋಲಿನ ಕಥೆಯಾಗಿ ಹೇಳುವ ವಾಡಿಕೆಯುಂಟು. ಹಿಂದಿನವರು ಅಜ್ಞಾನದಿಂದ ಹೂವನ್ನು ಅರೆದರು, ಬಣ್ಣವು ಹೋಯಿತು, ಅನಂತರ ವಿಜ್ಞಾನವು ಬಂದು ಕಾರಣವನ್ನು ತಿಳಿಸಿತು ಎಂಬುದು ಅದರ ಸಾರ. ಸಾಕ್ಷ್ಯಗಳನ್ನು ಕ್ರಮವಾಗಿ ನೋಡಿದಾಗ ವಿಷಯವು ಅಷ್ಟು ಸರಳವಾಗಿ ತೋರುವುದಿಲ್ಲ. ಹಳೆಯ ಪಾಕವಿಧಾನಗಳಲ್ಲಿ ಮತ್ತೆ ಮತ್ತೆ ಬರುವ ಪಟಿಕ, ಸುಣ್ಣ, ಬಿಳಿಮಣ್ಣುಗಳು ಗೊತ್ತುಗುರಿಯಿಲ್ಲದೆ ಸೇರಿದವುಗಳಲ್ಲ. ಹೂವಿನ ನೀಲಿಯು ಒಂದೇ ವಸ್ತುವಿನ ಗುಣವಾಗಿರದೆ ಹಲವು ವಸ್ತುಗಳ ಕೂಟದ ಗುಣವೆಂಬ ಇಂದಿನ ತಿಳಿವಳಿಕೆಯ ಅರ್ಧಭಾಗವನ್ನು ಅವುಗಳಲ್ಲಿ ಗುರುತಿಸಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಸಾಕ್ಷ್ಯ ರೋಮಿನದು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಸ್ಫೋಟದಲ್ಲಿ ಮಡಿದ ಹಿರಿಯ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯ 33ನೆಯ ಪುಸ್ತಕದಲ್ಲಿ ‘ಕಾಯೆರುಲೆಯುಮ್’ ಎಂಬ ನೀಲಿ ಬಣ್ಣದ ವಿಷಯವನ್ನು ಹೇಳುತ್ತಾನೆ. ಇದರಲ್ಲಿ ಮುಖ್ಯವಾದ ಬಗೆಯು ಮರಳು, ತಾಮ್ರ, ಕ್ಷಾರಗಳನ್ನು ಕೂಡಿಸಿ ಕುಲುಮೆಯಲ್ಲಿ ಕಾಯಿಸಿ ಮಾಡಿದ ನೀಲಿ. ಇಂದು ಈಜಿಪ್ಟಿನ ನೀಲಿಯೆಂದು ಪ್ರಸಿದ್ಧವಾದುದು. ಶುದ್ಧವಾದ ಸರಕನ್ನು ಕೆಂಡದ ಮೇಲೆ ಹಾಕಿ ಪರೀಕ್ಷಿಸಬೇಕೆಂದು ಹೇಳಿದ ಮೇಲೆ ಪ್ಲಿನಿಯು ಅದರ ಕಳ್ಳಸರಕಿನ ತಯಾರಿಕೆಯನ್ನೂ ತಿಳಿಸುತ್ತಾನೆ: ಒಣಗಿದ ‘ವಿಯೋಲ’ ಹೂವುಗಳನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಎರೆಟ್ರಿಯದ ಬಿಳಿಮಣ್ಣಿಗೆ ಕೂಡಿಸುವುದು. ಹೂವಿನಿಂದ ನೀಲಿ ಬಣ್ಣವನ್ನು ಕಟ್ಟುವ ಪ್ರಯತ್ನದ ಅತಿ ಹಳೆಯ ಲಿಖಿತ ದಾಖಲೆಗಳಲ್ಲಿ ಇದೂ ಒಂದು. ಅದು ಮೋಸದ ಸಾಲಿನಲ್ಲಿ ಬಂದಿರುವುದನ್ನು ಗಮನಿಸಬೇಕು.

ಪ್ಲಿನಿಗಿಂತ ಹಿಂದಿನವನಾದ ವಾಸ್ತುಶಿಲ್ಪಿ ವಿಟ್ರೂವಿಯಸ್‌ನು ತನ್ನ ಗ್ರಂಥದ ಏಳನೆಯ ಪುಸ್ತಕದಲ್ಲಿ ಹೆಚ್ಚುಕಡಮೆ ಇದೇ ವಿಧಾನವನ್ನು ಕೊಟ್ಟಿದ್ದಾನೆ. ಒಣ ವಿಯೋಲ, ನೀರು, ಒಲೆ, ಬಟ್ಟೆಯಲ್ಲಿ ಹಿಂಡುವುದು, ಒರಳಿನಲ್ಲಿ ಬಿಳಿಮಣ್ಣಿನೊಡನೆ ಅರೆಯುವುದು, ಎಲ್ಲವೂ ಅದೇ. ಆದರೆ ಫಲ ಮಾತ್ರ ಬೇರೆ. ಅವನ ಪ್ರಕಾರ ಹೀಗೆ ಸಿದ್ಧವಾಗುವುದು ಅಥೆನ್ಸಿನ ಹಳದಿ ಕಾವಿಮಣ್ಣಿನ ಬದಲಿ! ಒಂದೇ ಪಾಕದಿಂದ ಒಬ್ಬನಿಗೆ ನೀಲಿಯೂ ಇನ್ನೊಬ್ಬನಿಗೆ ಹಳದಿಯೂ ದೊರೆತದ್ದು ಹೇಗೆ?

ಇದಕ್ಕೆ ಎರಡು ಸಮಾಧಾನಗಳನ್ನು ಹೇಳಬಹುದು. ಲ್ಯಾಟಿನ್ ಭಾಷೆಯಲ್ಲಿ ‘ವಿಯೋಲ’ ಎಂಬುದು ಒಂದೇ ಹೂವಿನ ಹೆಸರಲ್ಲ. ನೇರಿಳೆಬಣ್ಣದ ವಯೊಲೆಟ್ ಹೂವಿಗೂ, ಹಳದಿಯ ಬೇರೊಂದು ಪರಿಮಳದ ಹೂವಿಗೂ ಅದು ಸಲ್ಲುತ್ತಿತ್ತು. ಆದುದರಿಂದ ವಿಟ್ರೂವಿಯಸ್‌ನು ಹಳದಿಯ ಹೂವನ್ನು ಹೇಳಿದ್ದು, ಪ್ಲಿನಿಯು ಅವನನ್ನು ಓದಿ, ಹೆಸರಿನ ಸಾಮ್ಯದಿಂದ ನೀಲಿಯ ಪ್ರಕರಣಕ್ಕೆ ಸೇರಿಸಿರಬಹುದು. ಪ್ಲಿನಿಯ ಗ್ರಂಥದ ಗಾತ್ರವನ್ನೂ, ಅವನು ಟಿಪ್ಪಣಿಗಳಿಂದ ಅದನ್ನು ಕಟ್ಟಿದ ರೀತಿಯನ್ನೂ ಬಲ್ಲವರಿಗೆ ಇದು ಅಸಂಭವವೆನಿಸದು. ಎರಡನೆಯ ಸಮಾಧಾನ ರಸಾಯನದ್ದು. ವಯೊಲೆಟ್ ಹೂವಿನ ರಸಕ್ಕೆ ಸುಣ್ಣದ ಅಂಶವುಳ್ಳ ಬಿಳಿಮಣ್ಣನ್ನು ಕೂಡಿಸಿದರೆ ಅದು ನೀಲಿಗೆ, ನೀಲಿಯಿಂದ ಹಸುರಿಗೆ ತಿರುಗುತ್ತದೆ. ಹಾಗೆಯೇ ಬಿಟ್ಟರೆ ಹಳದಿಗಂದು ಬಣ್ಣಕ್ಕೆ ಇಳಿಯುತ್ತದೆ. ಎಂದರೆ, ಅಂಗಡಿಯಲ್ಲಿ ಹೊಸದಾಗಿ ಕೊಂಡವನು ಕಂಡದ್ದು ನೀಲಿ, ಗೋಡೆಯ ಮೇಲೆ ಬಳಿದು ಕೆಲವು ದಿನ ನೋಡಿದವನು ಕಂಡದ್ದು ಹಳದಿ. ಮೊದಲನೆಯ ಸಮಾಧಾನವೇ ಭಾಷೆಯ ದೃಷ್ಟಿಯಿಂದ ಹೆಚ್ಚು ಬಲವಾದುದೆಂದು ನಮಗೆ ತೋರುತ್ತದೆ. ಆದರೂ ಎರಡನೆಯದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಕಳ್ಳಸರಕು ಮಾರುವವನಿಗೆ ಬಣ್ಣವು ಮಾರಾಟದ ಹೊತ್ತಿನವರೆಗೆ ನಿಂತರೆ ಸಾಕು.

ಇದೇ ಪ್ರಕರಣದಲ್ಲಿ ವಿಟ್ರೂವಿಯಸ್‌ನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಹಿಂದೂದೇಶದಿಂದ ಬರುವ ನೀಲಿಯು, ಎಂದರೆ ‘ಇಂಡಿಕುಮ್’, ಸಾಲದಾದಾಗ ‘ಐಸಾಟಿಸ್’ ಎಂಬ ಗಿಡದಿಂದ ಬಿಳಿಮಣ್ಣಿಗೆ ಬಣ್ಣ ಕಟ್ಟಿ ಅದನ್ನು ಅನುಕರಿಸುತ್ತಿದ್ದರಂತೆ. ಐಸಾಟಿಸ್‌ನ ಎಲೆಯಲ್ಲಿರುವುದೂ ನಮ್ಮ ನೀಲಿ ಗಿಡದ ಎಲೆಯಿಂದ ಬರುವುದೂ ಒಂದೇ ವಸ್ತು. ಆದುದರಿಂದ ಆ ಅನುಕರಣವು ನಿಂತಿತು, ಯೂರೋಪಿನಲ್ಲಿ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಹೂವಿನ ಅನುಕರಣ ಬೆಳೆಯಲಿಲ್ಲ. ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ಕುಳಿತ ಎರಡು ಪಾಕಗಳ ಮುಂದಿನ ಹಣೆಬರಹ ಇಷ್ಟು ಬೇರೆಯಾಯಿತು.

ಮಧ್ಯಯುಗದ ಯೂರೋಪಿನಲ್ಲಿ ಹಸ್ತಪ್ರತಿಗಳ ಅಲಂಕಾರಕ್ಕೆ ಉತ್ತಮವಾದ ನೀಲಿಯೆಂದರೆ ಆಫ್ಘಾನಿಸ್ಥಾನದ ಬದಕ್‌ಶಾನಿನಿಂದ ಬರುತ್ತಿದ್ದ ರಾಜಾವರ್ತ ಶಿಲೆಯ ಪುಡಿ. ಅಜಂತೆಯ ಭಿತ್ತಿಗಳಲ್ಲಿಯೂ ಈ ಶಿಲೆಯ ನೀಲಿ ದೊರೆತಿದೆ. ಅದರ ಬೆಲೆಯು ಅಧಿಕವಾದ್ದರಿಂದ ಬಡ ಮಠಗಳ ಲಿಪಿಕಾರರು ಹೊಲದ ಹೂವುಗಳ ಕಡೆ ನೋಡಿದ್ದು ಸಹಜ. ಹೆರಾಕ್ಲಿಯಸ್ ಎಂಬವನ ಹೆಸರಿನಲ್ಲಿ ಬಂದಿರುವ ಬಣ್ಣಗಳ ಗ್ರಂಥದಲ್ಲಿ ಹೂವುಗಳನ್ನು ಅರೆದು ಜಿಪ್ಸಮ್ಮಿನೊಡನೆ ಒಣಗಿಸಿ ಬಣ್ಣವಾಗಿ ಇಟ್ಟುಕೊಳ್ಳುವ ಕ್ರಮವಿದೆ. ನೇಪಲ್ಸಿನದೆಂದು ಊಹಿಸಲಾದ 14ನೆಯ ಶತಮಾನದ ‘ದೆ ಆರ್ಟೆ ಇಲ್ಲುಮಿನಾಂದಿ’ಯಲ್ಲಿ ಐರಿಸ್ ಹೂವಿನ ನೀಲಿ ದಳಗಳ ರಸಕ್ಕೆ ಪಟಿಕವನ್ನು ಕೂಡಿಸುವ ವಿಧಾನವಿದೆ. ವಿಚಿತ್ರವೆಂದರೆ ಇದರಿಂದ ಅವರು ಪಡೆದದ್ದು ನೀಲಿಯಲ್ಲ, ಸೊಗಸಾದ ಹಸುರು. ಹಸುರೇ ಆಗಲಿ, ದೊರೆತುದನ್ನು ಅವರು ಬಿಡಲಿಲ್ಲ. ‘ಐರಿಸ್ ಹಸುರು’ ಎಂದು ಅದು ಹಸ್ತಪ್ರತಿಗಳಲ್ಲಿ ಹೆಸರು ಪಡೆಯಿತು. ದಳದಲ್ಲಿ ನೀಲಿಯ ವಸ್ತುವಿನ ಜೊತೆಗೆ ಕಣ್ಣಿಗೆ ಕಾಣದಷ್ಟು ಮಸುಕಾದ ಹಳದಿಯ ವಸ್ತುಗಳೂ ಇರುತ್ತವೆ. ಪಟಿಕದೊಡನೆ ಇವುಗಳ ಹಳದಿಯು ಗಾಢವಾಗುವುದರಿಂದ, ಎರಡೂ ಬೆರೆತು ಹಸುರಾಗುತ್ತಿದ್ದಿರಬೇಕು.

ಈ ಕಾಲದ್ದೇ ಆದ ‘ಫೋಲಿಯುಮ್’ ಅಥವಾ ‘ಟರ್ನ್‌ಸೋಲ್’ ನೀಲಿಯನ್ನು ಹಲವರು ಹೂವಿನ ನೀಲಿಗಳ ಗುಂಪಿಗೆ ಸೇರಿಸಿರುವುದರಿಂದ ಒಂದು ಮಾತು ಹೇಳಬೇಕು. ಅದು ಕ್ರೊಜೊಫೊರ ಟಿಂಕ್ಟೋರಿಯ ಎಂಬ ಕಿರುಗಿಡದ ಕಾಯಿಯಿಂದ ಬಂದುದು. ಕಾಯಿಯ ರಸದಲ್ಲಿ ಬಟ್ಟೆಯ ತುಂಡುಗಳನ್ನು ನೆನೆಸಿ ಒಣಗಿಸಿಡುತ್ತಿದ್ದರು; ಬೇಕಾದಾಗ ತುಂಡನ್ನು ನೀರಿನಲ್ಲಿ ಅದ್ದಿದರೆ ಬಣ್ಣ ಬಿಡುತ್ತಿತ್ತು. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು, ಹೀಬ್ರೂ ಲಿಪಿಯಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಬರೆದ ಹಳೆಯ ಬಣ್ಣದ ಗ್ರಂಥವೊಂದರ ವಿವರಗಳ ಸಹಾಯದಿಂದ ಆ ಕಾಯಿಗಳನ್ನು ತಕ್ಕ ಕಾಲದಲ್ಲಿ ಕೊಯ್ದು ನೀಲಿಯ ರಚನೆಯನ್ನು ಬಿಡಿಸಿದರು. ಅದು ಹೂವುಗಳ ಬಣ್ಣದ ಕುಲಕ್ಕೆ ಸೇರಿಯೇ ಇಲ್ಲವೆಂದು ಆಗ ನಿಶ್ಚಯವಾಯಿತು. ಗ್ರಂಥಪಾಠವನ್ನು ಸರಿಯಾಗಿ ಓದಿದುದರಿಂದ ಪ್ರಯೋಗಶಾಲೆಯ ಪ್ರಶ್ನೆ ಬಗೆಹರಿದ ಇಂತಹ ಉದಾಹರಣೆಗಳು ವಿರಳ.

17ನೆಯ ಶತಮಾನದಲ್ಲಿ ಹೂವಿನ ನೀಲಿಯ ಚಂಚಲತೆಯೇ ಅದರ ಉಪಯೋಗವಾಯಿತು. ಅರಿಶಿನಕ್ಕೆ ಸುಣ್ಣ ಬೆರೆತರೆ ಆರತಿಯ ನೀರು ಕೆಂಪಾಗುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಅದೇ ಜಾತಿಯ ಸಂಗತಿಯನ್ನು ರಾಬರ್ಟ್ ಬಾಯ್ಲ್‌ನು 1664ರಲ್ಲಿ ಪ್ರಕಟವಾದ ತನ್ನ ವರ್ಣಗಳ ಗ್ರಂಥದಲ್ಲಿ ಶಾಸ್ತ್ರದ ಮಟ್ಟಕ್ಕೆ ಏರಿಸಿದನು. ಔಷಧಿಯ ಅಂಗಡಿಗಳಲ್ಲಿ ಸಿಗುತ್ತಿದ್ದ ವಯೊಲೆಟ್ ಹೂವಿನ ಪಾನಕಕ್ಕೆ ಹುಳಿಯನ್ನು ಬಿಟ್ಟರೆ ಕೆಂಪು, ಕ್ಷಾರವನ್ನು ಬಿಟ್ಟರೆ ಹಸುರು. ಆದುದರಿಂದ ಯಾವುದೇ ದ್ರವವು ಆಮ್ಲವೋ ಕ್ಷಾರವೋ ಎಂಬುದನ್ನು ಆ ಪಾನಕದಿಂದ ತಿಳಿಯಬಹುದೆಂದು ಅವನು ತೋರಿಸಿದನು. ಗೋಧಿಯ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನ ರಸವನ್ನೂ ಅವನು ಪರೀಕ್ಷಿಸಿದ್ದನು. ಒಕ್ಕಲಿಗನಿಗೆ ಬೇಡವಾದ ಈ ಕಳೆಯೇ ಮುಂದೆ ಹೂವಿನ ನೀಲಿಯ ವಾದದ ಕೇಂದ್ರವಾಯಿತು.

1835ರಲ್ಲಿ ಜರ್ಮನಿಯ ಔಷಧಿಶಾಸ್ತ್ರಜ್ಞ ಮಾರ್ಕ್ವಾರ್ಟ್ ಹೂವುಗಳ ನೀಲಿ ವಸ್ತುವಿಗೆ ‘ಆಂಥೊಸಯನಿನ್’ ಎಂಬ ಹೆಸರನ್ನಿಟ್ಟನು. ಗ್ರೀಕಿನಲ್ಲಿ ಹೂವು ಮತ್ತು ನೀಲಿ ಎಂಬ ಎರಡು ಶಬ್ದಗಳ ಸಮಾಸವಿದು. ಇಂದು ಕೆಂಪು, ನೇರಿಳೆ, ನೀಲಿ ಹೂವುಗಳ ಹೆಚ್ಚಿನ ಬಣ್ಣಗಳಿಗೆಲ್ಲ ಇದೇ ಕುಲನಾಮ. ಆದರೆ ಆ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಆ ಕಾರ್ಯವನ್ನು ಸಾಧಿಸಿದವನು ರಿಚರ್ಡ್ ವಿಲ್‌ಶ್ಟೆಟರ್. ಕೃತಕ ನೀಲಿಯ ಸಂಶೋಧನೆಗೆ ಪ್ರಸಿದ್ಧನಾದ ಬೈಯರ್ ಇದ್ದ ಮ್ಯೂನಿಕ್‌ನಲ್ಲಿ ಓದಿದವನು ಇವನು. ಎಲೆಯ ನೀಲಿಯನ್ನು ಬೈಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ಕಟ್ಟಿದ್ದನು. 1897ರ ಹೊತ್ತಿಗೆ ಆ ಕೃತಕ ನೀಲಿ ಮಾರುಕಟ್ಟೆಗೆ ಬಂದು ಹಿಂದೂದೇಶದ ನೀಲಿ ಬೇಸಾಯವನ್ನು ಕುಸಿಯಿಸಿತು. ಅದೇ ಪರಂಪರೆಯ ಮುಂದಿನವನು ಹೂವಿನ ನೀಲಿಯನ್ನು ಹಿಡಿದದ್ದು ಸಹಜವೇ. 1913ರಲ್ಲಿ ವಿಲ್‌ಶ್ಟೆಟರ್ ಮತ್ತು ಅವನ ಸಹಾಯಕ ಎವರೆಸ್ಟ್ ಕಾರ್ನ್‌ಫ್ಲವರಿನಿಂದ ‘ಸಯನಿನ್’ ಎಂಬ ವಸ್ತುವನ್ನು ಶುದ್ಧವಾಗಿ ತೆಗೆದರು. ಎರಡು ವರ್ಷಗಳ ತರುವಾಯ ಕೆಂಪು ಗುಲಾಬಿಯನ್ನು ಪರೀಕ್ಷಿಸಿದಾಗ ಅದರಲ್ಲಿಯೂ ಅದೇ ಸಯನಿನ್! ಕಡುನೀಲಿಯ ಹೂವಿಗೂ ಕಡುಗೆಂಪಿನ ಹೂವಿಗೂ ಬಣ್ಣ ಕೊಡುವ ವಸ್ತು ಒಂದೇ ಎಂಬುದು ಸಾಮಾನ್ಯವಾದ ಸಂಗತಿಯಲ್ಲ. ಹೂವನ್ನು ಹಿಂಡಿದವರ ಕೈಯಲ್ಲಿ ನೀಲಿಯು ಏಕೆ ನಿಲ್ಲಲಿಲ್ಲವೆಂಬುದಕ್ಕೆ ಇಲ್ಲಿ ಮೊದಲ ಉತ್ತರವಿತ್ತು: ಅವರು ತೆಗೆದ ವಸ್ತುವು ತಾನಾಗಿ ನೀಲಿಯಾಗಿರಲೇ ಇಲ್ಲ.

ಹಾಗಾದರೆ ಅದನ್ನು ನೀಲಿ ಮಾಡುವುದು ಯಾವುದು? ವಿಲ್‌ಶ್ಟೆಟರ್ ಬಾಯ್ಲ್‌ನ ದಾರಿಯನ್ನೇ ಹಿಡಿದನು. ಗುಲಾಬಿಯ ರಸ ಆಮ್ಲವಾದುದರಿಂದ ಕೆಂಪು. ಕಾರ್ನ್‌ಫ್ಲವರಿನಲ್ಲಿ ಸಯನಿನ್ ಕ್ಷಾರದೊಡನೆ ಲವಣವಾಗಿರುವುದರಿಂದ ನೀಲಿ. ಸರಳವಾದ ವಾದ. 1915ರ ನೊಬೆಲ್ ಬಹುಮಾನವು, ಮುಖ್ಯವಾಗಿ ಎಲೆಯ ಹಸುರಿನ ಸಂಶೋಧನೆಗಾಗಿ, ಇವನಿಗೆ ಬಂದಿತು. ಅಂತಹವನ ಮಾತಿಗೆ ತೂಕವಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಎದುರಿಸಿದವರು ಜಪಾನಿನ ಸೋದರರಿಬ್ಬರು. ಷಿಬಾತ ಕೇಯಿತ ಸಸ್ಯಶಾಸ್ತ್ರಜ್ಞ; ಷಿಬಾತ ಯೂಜಿ ಲೋಹಸಂಯುಕ್ತಗಳ ರಸಾಯನದಲ್ಲಿ ಪಳಗಿದವನು. ಹೂವಿನ ಜೀವಕೋಶದ ರಸವು ಕ್ಷಾರವಾಗಿರುವುದಿಲ್ಲ, ಆದುದರಿಂದ ಕ್ಷಾರದ ವಾದವು ನಿಲ್ಲದೆಂದು 1919ರಲ್ಲಿ ಅವರು ಪ್ರತಿಪಾದಿಸಿದರು. ಅವರ ಮತದಲ್ಲಿ ನೀಲಿಗೆ ಕಾರಣ ಲೋಹ, ವಿಶೇಷವಾಗಿ ಮೆಗ್ನೀಸಿಯಮ್. ಅವರ ಆಕ್ಷೇಪಣೆಯು ನ್ಯಾಯವಾಗಿತ್ತು. ಕಾರ್ನ್‌ಫ್ಲವರಿನ ದಳದ ರಸವನ್ನು ಅಳೆದರೆ ಅದರ ಪಿ.ಎಚ್. ಸುಮಾರು 4.6, ಎಂದರೆ ಸ್ಪಷ್ಟವಾಗಿ ಹುಳಿ. ಆದರೂ ಷಿಬಾತ ಸೋದರರ ಮತವನ್ನು ಯೂರೋಪಿನಲ್ಲಿ ಬಹುಕಾಲ ಯಾರೂ ಗಣಿಸಲಿಲ್ಲ. 1931ರಲ್ಲಿ ಇಂಗ್ಲೆಂಡಿನ ರಾಬಿನ್‌ಸನ್ ದಂಪತಿಗಳು ಮೂರನೆಯ ಕಾರಣವೊಂದನ್ನು ಸೇರಿಸಿದರು: ಬಣ್ಣವಿಲ್ಲದ ಅಥವಾ ಮಸುಕು ಹಳದಿಯ ಸಹವಸ್ತುಗಳು ಆಂಥೊಸಯನಿನ್ನಿಗೆ ಅಂಟಿಕೊಂಡು ಅದರ ಬಣ್ಣವನ್ನು ನೀಲಿಯ ಕಡೆಗೆ ಸರಿಸುತ್ತವೆ. ಇದಕ್ಕೆ ಸಹವರ್ಣಕತೆ ಎನ್ನಬಹುದು.

ವಾದವು ತೀರಿದ್ದು ಜಪಾನಿನಲ್ಲಿಯೇ. ನಮ್ಮ ಹೊಲದ ಬದುಗಳಲ್ಲಿ ಮಳೆಗಾಲದಲ್ಲಿ ಹಬ್ಬುವ ಕನ್ನೆಸೊಪ್ಪಿನ ಕುಲಕ್ಕೆ ಸೇರಿದ ಕಾಮೆಲಿನ ಕಮ್ಯೂನಿಸ್ ಎಂಬ ಗಿಡದ ನೀಲಿ ದಳಗಳನ್ನು ಹಿಂಡಿದರೆ ರಸವು ನೀಲಿಯಾಗಿಯೇ ಬರುತ್ತದೆ. ಆ ರಸದಿಂದ ಹಯಾಷಿ ಕೋಜೊ ಮತ್ತು ಅವನ ಸಂಗಡಿಗರು 1950ರ ದಶಕದ ಕೊನೆಯಲ್ಲಿ ‘ಕಾಮೆಲಿನಿನ್’ ಎಂಬ ನೀಲಿ ಹರಳನ್ನು, ಅದು ನೀಲಿಯಾಗಿರುವಂತೆಯೇ, ಬೇರ್ಪಡಿಸಿ ಅದರಲ್ಲಿ ಮೆಗ್ನೀಸಿಯಮ್ ಇರುವುದನ್ನು ತೋರಿಸಿದರು. ಅದರ ಪೂರ್ಣರಚನೆಯನ್ನು ನಾಗೋಯದ ಕೋಂದೊ ತಾದಾವೊ, ಗೋತೊ ತೋಷಿಯೊ ಮೊದಲಾದವರು 1992ರಲ್ಲಿ ಪ್ರಕಟಿಸಿದರು. ಆರು ಆಂಥೊಸಯನಿನ್ ಅಣುಗಳು, ಆರು ಫ್ಲೇವೋನ್ ಅಣುಗಳು, ಎರಡು ಮೆಗ್ನೀಸಿಯಮ್ ಅಯಾನುಗಳು. ಇವಿಷ್ಟೂ ಒಂದರ ಮೇಲೊಂದು ಅಡಕವಾಗಿ ಪೇರಿಸಿಕೊಂಡ ಒಂದು ಕೂಟ. 2005ರಲ್ಲಿ ಜಪಾನಿನ ಇನ್ನೊಂದು ತಂಡವು ಕಾರ್ನ್‌ಫ್ಲವರಿನ ನೀಲಿಯನ್ನೂ ಬಿಡಿಸಿತು. ಅಲ್ಲಿಯೂ ಆರು ಮತ್ತು ಆರು. ಲೋಹಗಳು ಮಾತ್ರ ನಾಲ್ಕು: ಒಂದು ಕಬ್ಬಿಣ, ಒಂದು ಮೆಗ್ನೀಸಿಯಮ್, ಎರಡು ಕ್ಯಾಲ್ಸಿಯಮ್. ಷಿಬಾತ ಸೋದರರ ಲೋಹವೂ ರಾಬಿನ್‌ಸನ್ ದಂಪತಿಗಳ ಸಹವಸ್ತುವೂ ಒಂದೇ ಕೂಟದಲ್ಲಿ ಕುಳಿತಿದ್ದವು. ವಿಲ್‌ಶ್ಟೆಟರನ ಮತವೂ ಪೂರ್ತಿಯಾಗಿ ವ್ಯರ್ಥವಾಗಲಿಲ್ಲವೆಂದು ನ್ಯಾಯಕ್ಕಾಗಿ ಹೇಳಬೇಕು. ‘ಹೆವನ್ಲಿ ಬ್ಲೂ’ ಎಂಬ ಬಳ್ಳಿಯ ಹೂವಿನಲ್ಲಿ ಮೊಗ್ಗು ಅರಳುವಾಗ ರಸದ ಪಿ.ಎಚ್. 6.6ರಿಂದ 7.7ಕ್ಕೆ ಏರಿ, ನೇರಿಳೆಯು ನೀಲಿಯಾಗುವುದನ್ನು 1995ರಲ್ಲಿ ಯೋಷಿದ ಕುಮಿ ಮತ್ತು ಸಂಗಡಿಗರು ಅಳೆದು ತೋರಿಸಿದರು. ಕಾರ್ನ್‌ಫ್ಲವರಿನ ವಿಷಯದಲ್ಲಿ ತಪ್ಪಿದ್ದ ಮಾತು ಬೇರೊಂದು ಹೂವಿನಲ್ಲಿ ನಿಜವಾಯಿತು.

ಈಗ ಹಳೆಯ ಪಾಕಗಳಿಗೆ ಹಿಂದಿರುಗೋಣ. ದಳದೊಳಗೆ ಈ ಕೂಟವು ನಿಲ್ಲುವುದಕ್ಕೆ ಅಣುಗಳು ಒತ್ತಾಗಿರಬೇಕು. ಹಿಂಡಿ ನೀರು ಬೆರೆಸಿದೊಡನೆ ಅವು ದೂರ ಸರಿಯುತ್ತವೆ. ಒಂಟಿಯಾದ ಆಂಥೊಸಯನಿನ್ನಿನ ಮೇಲೆ ನೀರು ಎರಗಿ ಅದನ್ನು ಬಣ್ಣವಿಲ್ಲದ್ದಾಗಿ ಮಾಡುತ್ತದೆ. ಎಂದರೆ, ಬಣ್ಣವನ್ನು ತೆಗೆಯುವ ಕ್ರಿಯೆಯೇ ಬಣ್ಣವನ್ನು ಕೆಡಿಸುವ ಕ್ರಿಯೆ. ಪಟಿಕವೆಂಬುದು ಅಲ್ಯುಮಿನಿಯಮ್ಮಿನ ಲವಣ. ಅಲ್ಯುಮಿನಿಯಮ್ ಹಲವು ಆಂಥೊಸಯನಿನ್ನುಗಳನ್ನು ಹಿಡಿದು ನೀಲಿಯ ಕಡೆಗೆ ತಿರುಗಿಸಬಲ್ಲ ಲೋಹ. ಹೈಡ್ರೇಂಜಿಯ ಗಿಡಕ್ಕೆ ಪಟಿಕವನ್ನು ಹಾಕಿ ಅದರ ಕೆಂಪು ಹೂವನ್ನು ನೀಲಿ ಮಾಡುವ ತೋಟಗಾರರು ಮಾಡುವುದೂ ಇದನ್ನೇ: ಹುಳಿಯಾದ ಮಣ್ಣಿನಲ್ಲಿ ಕರಗಿದ ಅಲ್ಯುಮಿನಿಯಮ್ ಬೇರಿನ ಮೂಲಕ ದಳವನ್ನು ಸೇರುತ್ತದೆ. ಹೀಗಿರಲು, ಐರಿಸ್ ರಸಕ್ಕೆ ಪಟಿಕ ಬೆರೆಸಿದ ಲಿಪಿಕಾರನು, ಕಳೆದುಹೋದ ಲೋಹದ ಸ್ಥಾನದಲ್ಲಿ ಇನ್ನೊಂದು ಲೋಹವನ್ನು ಇಟ್ಟನೆಂದು ಹೇಳಿದರೆ ಅತಿಶಯೋಕ್ತಿಯಾಗದು. ಬಿಳಿಮಣ್ಣು ರಸವನ್ನು ಹೀರಿ ನೀರಿನಿಂದ ಬೇರ್ಪಡಿಸುತ್ತಿತ್ತು. ಅವರಿಗೆ ಕಾರಣ ತಿಳಿದಿರಲಿಲ್ಲ, ನಿಜ. ಆದರೆ ರಸವೊಂದೇ ಸಾಲದು, ಅದಕ್ಕೆ ಜೊತೆ ಬೇಕು ಎಂಬುದು ಅವರ ಕೈಗೆ ತಿಳಿದಿತ್ತು. ಶುದ್ಧವಸ್ತುವನ್ನು ಬೇರ್ಪಡಿಸುವುದೇ ಜ್ಞಾನವೆಂದು ನಂಬಿದ 19ನೆಯ ಶತಮಾನದ ರಸಾಯನಕ್ಕೆ ಈ ಒಂದು ವಿಷಯದಲ್ಲಿ ದಾರಿಯು ಹೆಚ್ಚು ಸುತ್ತಾಯಿತೆಂದು ನಮ್ಮ ಅಭಿಪ್ರಾಯ.

ಇತ್ತೀಚಿನ ಪ್ರಯತ್ನಗಳೂ ಈ ಮಾತನ್ನು ಬೆಂಬಲಿಸುತ್ತವೆ. ಜಪಾನಿನ ಸಂಟೋರಿ ಸಂಸ್ಥೆಯು ಆಸ್ಟ್ರೇಲಿಯದ ಫ್ಲೋರಿಜೀನ್ ಸಂಸ್ಥೆಯೊಡನೆ ಕೂಡಿ, ಪ್ಯಾನ್ಸಿ ಹೂವಿನ ವಂಶವಾಹಿಯನ್ನು ಗುಲಾಬಿಗೆ ಸೇರಿಸಿ, 2004ರಲ್ಲಿ ‘ನೀಲಿ ಗುಲಾಬಿ’ಯನ್ನು ಘೋಷಿಸಿತು, 2009ರಲ್ಲಿ ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ದಳದಲ್ಲಿ ನೀಲಿ ಹೂವುಗಳ ಡೆಲ್ಫಿನಿಡಿನ್ ತುಂಬಿದ್ದರೂ ಗುಲಾಬಿಯು ನಸುನೇರಿಳೆಯಾಯಿತಷ್ಟೆ. ವಸ್ತುವು ಬಂದಿತ್ತು, ಕೂಟವು ಬರಲಿಲ್ಲ. ಇದಕ್ಕಿಂತ 2017ರಲ್ಲಿ ಜಪಾನಿನಲ್ಲಿಯೇ ಸಿದ್ಧವಾದ ಸೇವಂತಿಗೆ ಹೆಚ್ಚು ನೀಲಿ. ಅದಕ್ಕೆ ಸೇರಿಸಿದ ಎರಡು ವಂಶವಾಹಿಗಳಲ್ಲಿ ಒಂದು ನಮ್ಮ ಬೇಲಿಗಳ ಮೇಲಿನ ಶಂಖಪುಷ್ಪದ್ದು. ಹಾಗೆ ಮಾರ್ಪಟ್ಟ ಬಣ್ಣವು ಸೇವಂತಿಗೆಯಲ್ಲಿ ಮೊದಲೇ ಇದ್ದ ಸಹವಸ್ತುಗಳೊಡನೆ ಕೂಡಿ ನೀಲಿಯಾಯಿತು.

ಗಿರಿಕರ್ಣಿಕೆಯೆಂದೂ ಕರೆಯುವ ಈ ಶಂಖಪುಷ್ಪವು ಇನ್ನೊಂದು ಉಪಾಯವನ್ನು ಕಂಡುಕೊಂಡ ಹೂವು. ಅದರ ‘ಟರ್ನಾಟಿನ್’ ಅಣುಗಳಿಗೆ ಉದ್ದವಾದ ಕವಲುಗಳಿದ್ದು, ಅವು ನಡುವಿನ ವರ್ಣಭಾಗದ ಮೇಲೆ ಮಡಿಚಿಕೊಂಡು ನೀರನ್ನು ತಡೆಯುತ್ತವೆ. ಸಹವಸ್ತುವನ್ನು ಅಣುವು ತನ್ನ ಮೈಯಲ್ಲಿಯೇ ಹೊತ್ತಿದೆಯೆನ್ನಬಹುದು. ಮಲೇಷಿಯದ ಕೆಲಾಂತನ್ ಪ್ರಾಂತದಲ್ಲಿ ಅನ್ನಕ್ಕೆ ನೀಲಿ ಬಣ್ಣ ಕೊಡಲು ಇದನ್ನು ಬಳಸುವುದು ರೂಢಿ. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತವು ಈ ಹೂವಿನ ಸಾರವನ್ನು ಕೆಲವು ಆಹಾರಪದಾರ್ಥಗಳಿಗೆ ಬಣ್ಣವಾಗಿ ಒಪ್ಪಿತು. ಆದರೆ ಒಂದು ನಿಂಬೆಯ ಹನಿ ಬಿದ್ದರೆ ಈ ನೀಲಿಯೂ ನೇರಿಳೆಯಾಗುವುದು. ಬಾಯ್ಲ್ ಇಲ್ಲಿಯೂ ಬೆನ್ನು ಬಿಟ್ಟಿಲ್ಲ. ಅದೇ ವರ್ಷ ಕೆಂಪು ಎಲೆಕೋಸಿನ ಆಂಥೊಸಯನಿನ್ನಿನಿಂದ ಶುದ್ಧವಾದ ತಿಳಿನೀಲಿಯೊಂದನ್ನು ಪಡೆದ ವಾರ್ತೆ ಪ್ರಕಟವಾಯಿತು. ಕೋಸಿನಲ್ಲಿ ಅತ್ಯಲ್ಪವಾಗಿ ಮಾತ್ರ ಇರುವ ಒಂದು ಆಂಥೊಸಯನಿನ್ನನ್ನು ಕಿಣ್ವದ ಸಹಾಯದಿಂದ ಹೆಚ್ಚಿಸಿ, ಅದಕ್ಕೆ ಲೋಹವನ್ನು ಕೂಡಿಸಿದ್ದರು. ಆ ಲೋಹ ಯಾವುದು? ಅಲ್ಯುಮಿನಿಯಮ್, ಐರಿಸ್ ರಸಕ್ಕೆ ಹಾಕುತ್ತಿದ್ದ ಪಟಿಕದಲ್ಲಿದ್ದುದೇ.

ಹೂವಿನ ನೀಲಿಯನ್ನು ಬಾಳಿಸಬೇಕೆಂಬ ಹಟವಿಲ್ಲದೆ, ಅದು ಅಳಿಯುವುದನ್ನೇ ಬಂಡವಾಳ ಮಾಡಿಕೊಂಡವರ ವಿಷಯವೊಂದು ಉಳಿದಿದೆ. ಜಪಾನಿನ ಬೀವಾ ಸರೋವರದ ಬಳಿಯ ಕುಸಾತ್ಸು ಎಂಬ ಊರಿನಲ್ಲಿ, ಮೇಲೆ ಹೇಳಿದ ಕಾಮೆಲಿನದ ದೊಡ್ಡ ಹೂವಿನ ತಳಿಯೊಂದನ್ನು ‘ಆವೊಬನ’, ಎಂದರೆ ನೀಲಿಹೂವು, ಎಂಬ ಹೆಸರಿನಿಂದ ಬೆಳೆಯುತ್ತಿದ್ದರು. ಹೂವು ಬೆಳಗಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಮುದುಡುವುದರಿಂದ ನಡುಬೇಸಗೆಯ ಬಿಸಿಲೇರುವ ಮುನ್ನ ದಳಗಳನ್ನು ಬಿಡಿಸಿ ಅಂದೇ ಹಿಂಡಬೇಕು. ಈ ದುಡಿಮೆಯ ಕಷ್ಟದಿಂದ ಅದಕ್ಕೆ ‘ನರಕದ ಹೂವು’ ಎಂಬ ಅಡ್ಡಹೆಸರೂ ಬಂದಿತು. ರಸವನ್ನು ಕೈಕಾಗದದ ಮೇಲೆ ಕುಂಚದಿಂದ ಬಳಿದು, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಬಳಿದು, ಹೀಗೆ ಹಲವು ಹತ್ತು ಸಲ ಮಾಡಿದರೆ ಕಾಗದವು ಕಪ್ಪೆನ್ನುವಷ್ಟು ಕಡುನೀಲಿಯಾಗುತ್ತದೆ. ಇದೇ ‘ಆವೊಬನ ಕಾಗದ’. ಅದರ ಒಂದು ಚೂರನ್ನು ನೀರಿನಲ್ಲಿ ನೆನೆಸಿದರೆ ಬಣ್ಣ ಸಿದ್ಧ. ಮಧ್ಯಯುಗದ ಯೂರೋಪಿನ ಬಣ್ಣದ ಬಟ್ಟೆಯ ತುಂಡುಗಳ ಉಪಾಯವೇ ಇಲ್ಲಿ ಸ್ವತಂತ್ರವಾಗಿ ಕಾಣುತ್ತದೆ. ಕ್ಯೋತೊ ನಗರದ ಯೂಜೆನ್ ಬಣ್ಣಗಾರರು ರೇಷ್ಮೆಯ ಮೇಲೆ ಈ ನೀಲಿಯಿಂದ ಚಿತ್ರದ ಗೆರೆಗಳನ್ನು ಬರೆದುಕೊಂಡು, ಅದರ ಮೇಲೆ ಅಂಟನ್ನಿಟ್ಟು ಬಣ್ಣ ಹಾಕುತ್ತಿದ್ದರು. ಬಟ್ಟೆಯನ್ನು ನೀರಿನಲ್ಲಿ ತೊಳೆದಾಗ ಮೊದಲು ಬರೆದ ಗೆರೆಯು ಕುರುಹಿಲ್ಲದೆ ಹೋಗುತ್ತಿತ್ತು. ಆ ಕೆಲಸಕ್ಕೆ ಬಾಳುವ ಬಣ್ಣವು ಯಾವ ಉಪಯೋಗಕ್ಕೂ ಬಾರದು. ಹಿಂಡಿದ ಮೇಲೂ ಕೂಟವು ಕದಡದೆ ನೀಲಿಯಾಗಿ ಉಳಿಯುವ ಕೆಲವೇ ಹೂವುಗಳಲ್ಲಿ ಒಂದನ್ನು ಕುಸಾತ್ಸುವಿನ ರೈತರು ಆರಿಸಿಕೊಂಡಿದ್ದರೆಂಬುದು ಹಯಾಷಿಯ ಹರಳಿನಿಂದ ತಿಳಿದುಬಂದಿತು. ಕಾಮೆಲಿನಿನ್ನಿನೊಳಗಿನ ಆಂಥೊಸಯನಿನ್ನಿಗೆ ರಸಾಯನಶಾಸ್ತ್ರಜ್ಞರು ಇಟ್ಟ ‘ಮೆಲೊನಿಲವೊಬಾನಿನ್’ ಎಂಬ ಹೆಸರಿನಲ್ಲಿ ಆ ಊರಿನ ಹೂವಿನ ಹೆಸರೇ ಅಡಗಿದೆ. ಕೃತಕ ಬಣ್ಣಗಳು ಬಂದ ಮೇಲೆ, 20ನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಕಾಗದವನ್ನು ತಯಾರಿಸುವ ಮನೆಗಳು ಬೆರಳೆಣಿಕೆಗೆ ಇಳಿದುವು.

ಆವೊಬನವು ಬಟ್ಟೆಯಲ್ಲಿ ಸಾಧಿಸಿದುದನ್ನು ಕಾಗದದ ಮೇಲೆ ಸಾಧಿಸಲಿಲ್ಲ. 1765ರಿಂದ ಮುಂದೆ ಹಾರುನೊಬು ಮೊದಲಾದವರ ಬಹುವರ್ಣದ ಮರದಚ್ಚಿನ ಚಿತ್ರಗಳಲ್ಲಿ ಆಕಾಶಕ್ಕೂ ನೀರಿಗೂ ಉಡುಪಿಗೂ ಈ ಹೂವಿನ ನೀಲಿಯನ್ನು ಹಾಕುತ್ತಿದ್ದರು. ಬೆಳಕಿನಲ್ಲಿಯೂ ತೇವದಲ್ಲಿಯೂ ಅದು ನಿಲ್ಲದು. ಇಂದು ಸಂಗ್ರಹಾಲಯಗಳಲ್ಲಿ ಕಾಣುವ ಆ ಕಾಲದ ಹಲವು ಚಿತ್ರಗಳಲ್ಲಿ ನದಿಗಳು ಮಾಸಿದ ಹುಲ್ಲಿನ ಬಣ್ಣದಲ್ಲಿ ಹರಿಯುತ್ತವೆ. ಚಿತ್ರಕಾರನ ಉದ್ದೇಶವೇ ಆ ಮೃದುವಾದ ಕಂದುಬಣ್ಣವೆಂದು ನಂಬಿ ಹೊಗಳಿದ ರಸಿಕರೂ ಉಂಟು. ಬರ್ಲಿನ್ನಿನಲ್ಲಿ 18ನೆಯ ಶತಮಾನದ ಆದಿಯಲ್ಲಿ ಹುಟ್ಟಿದ ಪ್ರಷ್ಯದ ನೀಲಿಯು 1830ರ ಸುಮಾರಿಗೆ ಜಪಾನಿನ ಅಚ್ಚಿನ ಮನೆಗಳನ್ನು ಹೊಕ್ಕಾಗ ಹೂವಿನ ನೀಲಿಯ ಕಾಲ ಅಲ್ಲಿಗೆ ಮುಗಿಯಿತು. ಹೊಕುಸಾಯಿಯ ಫೂಜಿ ಪರ್ವತದ ಚಿತ್ರಮಾಲೆಯ ನೀಲಿ ಆ ಹೊಸ ಬಣ್ಣದ್ದು.

ಹೂವಿನ ನೀಲಿಯನ್ನು ಅದರ ಮೊದಲ ರೂಪದಲ್ಲಿ ಉಳಿಸಿಕೊಂಡ ಚಿತ್ರಗಳು ಇಲ್ಲದಿಲ್ಲ. ಬಾಸ್ಟನ್ ನಗರದ ಲಲಿತಕಲೆಗಳ ಸಂಗ್ರಹಾಲಯಕ್ಕೆ ಸ್ಪಾಲ್ಡಿಂಗ್ ಸೋದರರು 1921ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜಪಾನೀ ಮರದಚ್ಚಿನ ಚಿತ್ರಗಳನ್ನು ದಾನವಿತ್ತರು. ಅವುಗಳನ್ನು ಎಂದಿಗೂ ಸಾರ್ವಜನಿಕ ಪ್ರದರ್ಶನದಲ್ಲಿ ಇಡಕೂಡದೆಂಬುದು ದಾನದ ಷರತ್ತು. ಆ ಚಿತ್ರಗಳ ನದಿಗಳು ಇಂದಿಗೂ ನೀಲಿಯಾಗಿವೆ. ಛಾಯಾಚಿತ್ರಗಳ ಮೂಲಕ ಅವುಗಳನ್ನು ಯಾರು ಬೇಕಾದರೂ ನೋಡಬಹುದು. ಮೂಲಚಿತ್ರಗಳು ಮಾತ್ರ ಕತ್ತಲೆಯ ಪೆಟ್ಟಿಗೆಗಳಲ್ಲಿವೆ.